ರಿಂಗಿನ ಕೆಳಗೆ ಆಡಿದ ಮಾತು

ಪದ್ದಿಯ ಛಲ ಸತ್ತಿದೆ ಎಂದು ಮೊದಲು ಹೇಳಿದವಳು ನಾನಲ್ಲ. ನಮ್ಮ ಶೆಡ್ಡಿನಲ್ಲಿ ಎರಡನೇ ಮಗ್ಗ ನಡೆಸುವ ಸಂತೋಷ ಹೇಳಿದ. ಅವನು ಬಾಯಿಗೆ ಬಂದದ್ದನ್ನು ಹೇಳಿ ಮರೆತ. ನಾನು ಮಾತ್ರ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಓಡಾಡಿದೆ. ನನ್ನ ಸ್ವಭಾವವೇ ಅದು. ಶಕುಂತಲಮ್ಮನ ಬಾಯಿಗೆ ಬೀಳುವುದಕ್ಕಿಂತ ಬಾವಿಗೆ ಬೀಳುವುದು ವಾಸಿ ಎಂದು ನಮ್ಮ ಬೀದಿಯಲ್ಲಿ ಅನ್ನುತ್ತಾರೆ. ನನ್ನ ಎದುರಿಗೇ ಅನ್ನುತ್ತಾರೆ, ನಾನೂ ನಗುತ್ತಿದ್ದೆ.

ಪದ್ದಿ ಅಂದರೆ ಪದ್ಮಶ್ರೀ. ದೊಡ್ಡಬಳ್ಳಾಪುರದ ನಮ್ಮ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಹೆಣ್ಣುಮಕ್ಕಳ ತಂಡಕ್ಕೆ ಕ್ಯಾಪ್ಟನ್. ಆಳು ಕುಳ್ಳಿ, ಆದರೆ ಚೆಂಡು ಕೈಗೆ ಸಿಕ್ಕಿತೆಂದರೆ ಎದುರಿನವರು ಇವಳೆಲ್ಲಿ ಎಂದು ಹುಡುಕುವಷ್ಟರಲ್ಲಿ ಇವಳು ರಿಂಗಿನ ಕೆಳಗೆ. ಅಂಥವಳು ಈ ಟೂರ್ನಮೆಂಟಿನಲ್ಲಿ ಮೂರು ಮ್ಯಾಚಿನಿಂದ ಏನಾಯಿತೋ ಏನೋ, ಚೆಂಡು ಬಂದರೆ ಸಾಕು, ಪಕ್ಕದವಳಿಗೆ ಕೊಟ್ಟುಬಿಡುತ್ತಾಳೆ. ದಾರಿ ತೆರೆದಿದ್ದರೂ ನುಗ್ಗುವುದಿಲ್ಲ. ತಂಡ ಗೆದ್ದಿತು, ನಿಜ, ಆದರೆ ಏದುಸಿರು ಬಿಟ್ಟುಕೊಂಡು ಗೆದ್ದಿತು.

"ಫೈರೇ ಇಲ್ಲ ಗುರು, ಔಟ್ ಆಫ್ ಫಾರ್ಮು" ಎಂದ ಸಂತೋಷ.

"ಫಾರ್ಮೂ ಇಲ್ಲ, ಗೀರ್ಮೂ ಇಲ್ಲ. ಹೊಟ್ಟೆ ತುಂಬಿದೋರಿಗೆ ಹುಗ್ಗಿ ಮುಳ್ಳು. ಪೇಪರ್‌ನಾಗೆ ಫೋಟೊ ಬಂತಲ್ಲ, ಸಾಕಾಯ್ತು ಅವಳಿಗೆ" ಎಂದೆ ನಾನು.

ಪಕ್ಕದ ಶೆಡ್ಡಿನ ಮುನಿಸ್ವಾಮಿ ನಮ್ಮ ಯಜಮಾನರಿಗೆ ಚಿಕ್ಕಪ್ಪನ ಮಗ. ನನಗೆ ಮೈದುನನಾಗಬೇಕು. ಕ್ಲಬ್ಬಿನ ಸ್ಕೋರ್‌ಬೋರ್ಡ್ ತಿರುಗಿಸುವುದು ಅವನೇ. ಕಣ್ಣು ಸೂಕ್ಷ್ಮ, ನಾಲಗೆ ನಿಧಾನ. "ಅತ್ಗೆ, ನೀವು ಬರೀ ರಿಂಗ್ ನೋಡ್ತೀರ. ಆ ಚೆಂಡು ಯಾರ ಕೈಯಿಂದ ಬಂತು ಅಂತ ನೋಡಿದೀರಾ? ಈ ಸಲ ನಮ್ಮೋರು ಹಾಕಿರೋ ಬುಟ್ಟೀಲಿ ಮುಕ್ಕಾಲು ಪಾಲು ಅವಳು ಕೊಟ್ಟಿದ್ದೇ."

"ಕೊಡೋಕೆ ಅವಳೇನು ದಾನಶೂರಿನಾ? ಆಟ ಅಂದ್ರೆ ಗೆಲ್ಲಬೇಕು ಅನ್ನೋ ಉರಿ ಇರ್ಬೇಕು ಕಣಪ್ಪಾ."

"ಉರಿ ಇದ್ದೋರೆಲ್ಲ ಹೊಗೆ ಬಿಡಬೇಕಾ ಅತ್ಗೆ?"

ಹೀಗೆ ವಾರವಿಡೀ ಕಿತ್ತಾಡಿದೆವು. ಕಿತ್ತಾಡಿದೆವು ಅಂದರೆ ಕೂಗಾಡಿದೆವು ಎಂದಲ್ಲ. ಮಗ್ಗ ಓಡುವಾಗ ದೇವರೇ ಬಂದು ಕಿವಿಯಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೇ ನಾವು ನೇಯುವವರು ದನಿ ಬಿಟ್ಟು ಬರೀ ತುಟಿಯಲ್ಲಿ ಮಾತನಾಡುತ್ತೇವೆ, ಜೊತೆಗೆ ಕೈ ಸೇರಿಸುತ್ತೇವೆ. ಅತ್ತೆಸೊಸೆ ಜಗಳ, ಮದುವೆ ಮಾತುಕತೆ, ಪೋಲಿ ಹಾಸ್ಯ ಎಲ್ಲವೂ ಅದರಲ್ಲೇ. ಒಬ್ಬರ ಮಾತು ಬೇಡವೆನಿಸಿದರೆ ಕಿವಿ ಮುಚ್ಚಿಕೊಳ್ಳಬೇಕಾಗಿಲ್ಲ, ಮುಖ ತಿರುಗಿಸಿದರೆ ಸಾಕು. ಅಭ್ಯಾಸ ಎಷ್ಟಾಗಿದೆಯೆಂದರೆ ಮದುವೆ ಛತ್ರದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮಗ್ಗವೇ ಇಲ್ಲದ ಕಡೆಯೂ ನಾವು ದೂರದಿಂದಲೇ ಹೀಗೆ ಹರಟುತ್ತೇವೆ. ದನಿಯಿಲ್ಲವಲ್ಲ, ಹೊರಗಿನವರಿಗೆ ಗೊತ್ತಾಗುವುದಿಲ್ಲ ಅನ್ನುವ ಧೈರ್ಯ.

ಪದ್ದಿ ಹೊರಗಿನವಳಲ್ಲ. ಅದನ್ನೇ ನಾನು ಮರೆತದ್ದು.

ಅವಳ ತಾಯಿ ಮುನಿರತ್ನಮ್ಮ ನಮ್ಮ ಮೂರನೇ ಮಗ್ಗದಲ್ಲಿ ನೇಯುತ್ತಿದ್ದಳು. ಕಿಟಕಿಯ ಸರಳಿಗೆ ಹಳೇ ಸೀರೆ ಕಟ್ಟಿ ಪದ್ದಿಯನ್ನು ಅದರಲ್ಲಿ ಮಲಗಿಸುತ್ತಿದ್ದಳು. ಆ ಮಗು ಮಾತು ಕಲಿತದ್ದೇ ನಮ್ಮ ತುಟಿ ನೋಡಿಕೊಂಡು. ಅದು ಒಂದನೇ ಕ್ಲಾಸಿಗೆ ಹೋಗುವ ಕಾಲಕ್ಕೆ, ಒಂದು ದಿನ ಮುನಿರತ್ನಮ್ಮ ಊಟಕ್ಕೆ ಎದ್ದು ಹೋದವಳು ಮತ್ತೆ ಬರಲಿಲ್ಲ. ಮಗ್ಗದ ಮೇಲೆ ಅರ್ಧ ಸೀರೆ ಹಾಗೇ ಇತ್ತು. ಯಾರೋ ಅವಳನ್ನು ಹಿಂದೂಪುರದ ಬಸ್ಸಿನಲ್ಲಿ ಕಂಡರಂತೆ. ಬೀದಿ ಬಾಯಿಗೆ ಬೀಗ ಉಂಟೆ? ಓಡಿಹೋದವಳು, ಹೆತ್ತ ಮಗು ಬಿಟ್ಟವಳು, ಇನ್ನೂ ಏನೇನೋ ಅಂದರು. ನಾನು ಮಾತ್ರ ಅನ್ನಲಿಲ್ಲ. ಅವಳ ಬೆನ್ನ ಮೇಲಿನ ಬಾಸುಂಡೆ ನಾನು ಕಂಡಿದ್ದೆ. ಆ ಅರ್ಧ ಸೀರೆಯನ್ನು ನಾನೇ ಕೂತು ನೇಯ್ದು ಮುಗಿಸಿದೆ.

ಆಗ ಪದ್ದಿ ಬಂದು ಮಗ್ಗದ ಮುಂದೆ ನಿಂತು, ಅಮ್ಮ ಎಲ್ಲಿ ಎಂದು ತುಟಿಯಲ್ಲೇ ಕೇಳಿತ್ತು. ನಾನೂ ತುಟಿಯಲ್ಲೇ ಹೇಳಿದ್ದೆ: "ನಿಮ್ಮಮ್ಮ ಒಳ್ಳೇಳು ಕಂದಾ. ಅವಳಿಗೆ ಆಗ್ಲಿಲ್ಲ, ಅದಕ್ಕೆ ಹೋದ್ಳು." ಆ ಮೇಲೆ ಶೆಡ್ಡಿನಲ್ಲಿ ಯಾರಾದರೂ ಮುನಿರತ್ನಮ್ಮನ ಸುದ್ದಿ ಎತ್ತಿದರೆ ಅವರ ಚಳಿ ಬಿಡಿಸುತ್ತಿದ್ದೆ.

ಬ್ಯಾಸ್ಕೆಟ್‌ಬಾಲ್ ಹುಚ್ಚು ನನಗೆ ಹಿಡಿಸಿದ್ದೂ ಪದ್ದಿಯೇ. ಹೊತ್ತು ಮುಳುಗಿದರೂ ಹುಡುಗಿ ಮನೆಗೆ ಬಂದಿಲ್ಲ ಎಂದು ಅವಳನ್ನು ಸಾಕುತ್ತಿದ್ದ ಅಜ್ಜಿ ಹೇಳಿದ್ದಕ್ಕೆ, ಕಿವಿ ಹಿಂಡಿ ಎಳೆದು ತರಲು ಕ್ಲಬ್ಬಿನ ಕೋರ್ಟಿಗೆ ಹೋದೆ. ಹೋದವಳು ಆಟ ಮುಗಿಯುವವರೆಗೆ ನಿಂತುಬಿಟ್ಟೆ. ಅಂದಿನಿಂದ ಒಂದು ಮ್ಯಾಚೂ ಬಿಟ್ಟಿಲ್ಲ. ಓದಿದ್ದು ಏಳನೇ ಕ್ಲಾಸು, ಆದರೆ ಫೌಲ್ ಯಾವುದು ಎಂದು ರೆಫರಿಗಿಂತ ಮೊದಲು ಕೂಗುತ್ತೇನೆ.

ಭಾನುವಾರ ಸಂಜೆ ಹೊಸಕೋಟೆಯವರ ಮೇಲೆ ಸೆಮಿಫೈನಲ್. ರಿಂಗಿನ ಹಿಂದೆ, ಗೆರೆಯಾಚೆ, ಒಂದು ಕಲ್ಲುಚಪ್ಪಡಿ ಇದೆ. ಅದು ನನ್ನ ಜಾಗ. ಮುನಿಸ್ವಾಮಿ ಆಚೆ ಬದಿಯಲ್ಲಿ ಸ್ಕೋರ್‌ಬೋರ್ಡಿನ ಹತ್ತಿರ. ಅವನ ಪಕ್ಕದ ಕುರ್ಚಿಯಲ್ಲಿ ಬೆಂಗಳೂರಿನಿಂದ ಬಂದ ಯಾರೋ ಕನ್ನಡಕದವರು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದರು. ಯಾರದೋ ನೆಂಟರಿರಬೇಕು ಎಂದುಕೊಂಡೆ.

ಪದ್ದಿ ಅವತ್ತೂ ಅದೇ ರಾಗ. ಚೆಂಡು ಬಂತು, ಕೊಟ್ಟಳು. ಬಂತು, ಕೊಟ್ಟಳು. ಅವಳು ಕೊಟ್ಟ ಚೆಂಡನ್ನು ಈ ವರ್ಷ ತಂಡಕ್ಕೆ ಸೇರಿದ ಹೊಸ ಹುಡುಗಿಯರು ರಿಂಗಿಗೆ ತಾಗಿಸಿ ತಾಗಿಸಿ ಬಿಟ್ಟರು. ಹೊಸಕೋಟೆಯವರು ಮುಂದೆ ಹೋದರು. ಅವರ ಕಡೆಯ ಹುಡುಗರು ಪೀಪಿ ಊದುತ್ತಿದ್ದರು. ನನ್ನ ಮೈಯೆಲ್ಲ ಉರಿಯಿತು. ಮುನಿಸ್ವಾಮಿಯತ್ತ ನೋಡಿ, ದನಿಯಿಲ್ಲದೆ, "ನೋಡ್ದಾ ನಿನ್ನ ದಾನಶೂರಿನ?" ಎಂದೆ.

"ಸ್ವಲ್ಪ ತಾಳಿ" ಎಂದು ಅವನು ಕೈ ಮಾಡಿದ.

ಕೊನೆಯ ಕ್ವಾರ್ಟರ್ ಶುರುವಾದ ಮೇಲೆ ಪದ್ದಿಗೆ ಫೌಲ್ ಆಯಿತು. ಎರಡು ಫ್ರೀ ಥ್ರೋ. ನನ್ನ ಕಡೆಯ ರಿಂಗೇ. ಅವಳು ಗೆರೆಯ ಮೇಲೆ ಬಂದು ನಿಂತಳು. ಮೊದಲನೆಯದು ಬಿತ್ತು. ಎರಡನೆಯದಕ್ಕೆ ಚೆಂಡು ಕುಟ್ಟುತ್ತಿದ್ದಳು. ಜನ ಗಪ್‌ಚಿಪ್. ಮುನಿಸ್ವಾಮಿ ನನ್ನತ್ತ ನೋಡಿ ನಕ್ಕು, "ಈಗೇನಂತೀರಾ?" ಎಂದ ತುಟಿಯಲ್ಲಿ.

ಸೋಲಿಗಿಂತ ಅವನ ಆ ನಗು ನನ್ನನ್ನು ಕೆರಳಿಸಿತು. ಏನು ಹೇಳುತ್ತಿದ್ದೇನೆ ಎಂದು ಯೋಚಿಸಲಿಲ್ಲ. ಅವನಿಗೆ ಚುಚ್ಚಬೇಕು, ಅಷ್ಟೇ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ, ಕೈ ಹಿಂದಕ್ಕೆ ಒಗೆದೆ. ನೂಲು ಕತ್ತರಿಸಿ ಎದ್ದು ಹೋದವಳು ಎಂಬುದಕ್ಕೆ ನಮ್ಮ ಸನ್ನೆ ಅದು. ತುಟಿಯಲ್ಲಿ ಹೇಳಿದೆ: "ಮುನಿರತ್ನಮ್ಮನ ಮಗಳಲ್ವಾ. ಅರ್ಧಕ್ಕೆ ಬಿಟ್ಟು ಓಡೋ ರಕ್ತ."

ಮುನಿಸ್ವಾಮಿಯ ನಗು ನಿಂತುಹೋಯಿತು. ಅವನು ನನ್ನನ್ನು ನೋಡುತ್ತಿರಲಿಲ್ಲ, ಪದ್ದಿಯನ್ನು ನೋಡುತ್ತಿದ್ದ. ನಾನೂ ತಿರುಗಿದೆ. ಫ್ರೀ ಥ್ರೋ ಹಾಕುವವರು ರಿಂಗ್ ನೋಡುತ್ತಾರೆ. ರಿಂಗಿನ ಕೆಳಗೆ ಕೂತಿದ್ದವಳು ನಾನು. ಅವಳ ಕಣ್ಣು ನನ್ನ ಬಾಯಿಯ ಮೇಲಿತ್ತು.

ಎರಡನೇ ಚೆಂಡು ರಿಂಗಿಗೂ ತಾಗಲಿಲ್ಲ.

ಆಮೇಲಿನದನ್ನು ಊರು ಇವತ್ತಿಗೂ ಹೇಳಿಕೊಂಡು ಕುಣಿಯುತ್ತಿದೆ. ಪದ್ದಿ ಚೆಂಡನ್ನು ಯಾರಿಗೂ ಕೊಡಲಿಲ್ಲ. ಕಸಿದುಕೊಂಡಳು, ನುಗ್ಗಿದಳು, ಹಾಕಿದಳು. ಮತ್ತೆ ಕಸಿದಳು, ಇಬ್ಬರ ನಡುವೆ ತೂರಿದಳು, ಹಾಕಿದಳು. ತನ್ನವರೇ ಕೈ ಚಾಚಿ ಕೇಳಿದರೂ ಕೊಡಲಿಲ್ಲ. ಒಮ್ಮೆಯೂ ನಗಲಿಲ್ಲ. ಒಂದೊಂದು ಸಲ ಹಾಕಿದಾಗಲೂ ತಿರುಗಿ ನನ್ನನ್ನು ನೋಡಿಕೊಂಡು ಹಿಂದಕ್ಕೆ ಓಡುತ್ತಿದ್ದಳು. ಜನ ಹುಚ್ಚೆದ್ದು ಕೂಗಿದರು. ಸಂತೋಷ ಅಂಗಿ ಬಿಚ್ಚಿ ಗಾಳಿಯಲ್ಲಿ ತಿರುಗಿಸಿದ. ಪೀಪಿ ಊದುತ್ತಿದ್ದವರು ಪೀಪಿ ಜೇಬಿಗೆ ಇಟ್ಟುಕೊಂಡರು. ನಾವು ಗೆದ್ದೆವು.

ನಾಚಿಕೆಗೇಡಿ ನಾನು, ನನಗೂ ಒಂದು ಗಳಿಗೆ ಖುಷಿಯಾಯಿತು. ನೋಡು, ಛಲ ಬಂತು, ನನ್ನ ಮಾತೇ ಬರಿಸಿತು ಎಂದು ಎದೆ ಉಬ್ಬಿತು. ಹುಡುಗಿಯರು ಪದ್ದಿಯನ್ನು ಎತ್ತಲು ಹೋದರೆ ಅವಳು ಕೈ ಕೊಡವಿಕೊಂಡು ಬೆಂಚಿಗೆ ಹೋಗಿ ಕೂತಳು. ಆಚೆ ಬದಿಯಲ್ಲಿ ಕನ್ನಡಕದವರು ಎದ್ದು ಚೀಲದ ಜಿಪ್ ಎಳೆದರು. ಕೋಚ್ ಮಂಜೇಶ್ ಓಡಿಹೋಗಿ ಅವರಿಗೆ ಏನೋ ಹೇಳುತ್ತಿದ್ದ, ಕೈ ಮುಗಿಯುತ್ತಿದ್ದ. ಅವರು ಇಲ್ಲವೆಂದು ತಲೆಯಾಡಿಸಿ ಕಾರಿನ ಕಡೆಗೆ ನಡೆದರು.

ಮಂಜೇಶ್ ವಾಪಸ್ ಬಂದವನು ಇಡೀ ಕೋರ್ಟಿಗೆ ಕೇಳುವಂತೆ ಪದ್ದಿಯ ಮೇಲೆ ಎಗರಿದ. "ಏನಮ್ಮಾ ಹೇಳಿದ್ದೆ ನಿಂಗೆ? ಅವ್ರು ಏನ್ ನೋಡೋಕೆ ಬಂದಿದ್ರು? ಇನ್ನು ಸ್ವಲ್ಪ ಹೊತ್ತು ತಡ್ಕೊಳೋಕಾಗ್ಲಿಲ್ವಾ? ಯಾಕೆ ಹಿಂಗ್ ಮಾಡ್ದೆ?"

ಪದ್ದಿ ಶೂ ಲೇಸು ಬಿಚ್ಚುತ್ತಾ ಕೂತಿದ್ದಳು. ನನ್ನ ಹೆಸರು ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಹೇಳಲಿಲ್ಲ.

ಮನೆಗೆ ಬಂದು ಉಣ್ಣಲು ಕೂತಿದ್ದೆ. ಮುನಿಸ್ವಾಮಿ ಬಾಗಿಲಲ್ಲಿ ಬಂದು ನಿಂತ. ಬೈಯುತ್ತಾನೆ ಎಂದುಕೊಂಡೆ. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅತ್ಗೆ" ಎಂದಷ್ಟೇ ಹೇಳಿ ಹೋದ. ಬೈದಿದ್ದರೆ ನಾನೂ ಬೈಯಬಹುದಿತ್ತು.

ಬೆಳಿಗ್ಗೆ ಎದ್ದವಳೇ ಕ್ಲಬ್ಬಿಗೆ ಹೋದೆ. ಮಂಜೇಶ್ ಒಬ್ಬನೇ ಕೋರ್ಟಿನ ಕಸ ಗುಡಿಸುತ್ತಿದ್ದ. ಆ ಕನ್ನಡಕದವರು ಯಾರಪ್ಪಾ ಎಂದು ಕೇಳಿದೆ.

"ಸರ್ಕಾರಿ ಇಲಾಖೆ ಟೀಮಿನ ಸೆಲೆಕ್ಟರು ಶಕುಂತಲಮ್ಮಾ. ಸೆಲೆಕ್ಟ್ ಆಗಿದ್ರೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲ್ಸ. ಅವ್ರ ಹತ್ರ ಪಾಯಿಂಟ್ ಹಾಕೋ ಉದ್ದುದ್ದ ಹುಡ್ಗೀರು ಬೇಕಾದಷ್ಟಿದಾರೆ. ಆಟ ಆಡಿಸೋಳು ಬೇಕಿತ್ತು, ಚೆಂಡು ಕೊಡೋಳು. ಇವಳ ಎತ್ತರಕ್ಕೆ ಅದೊಂದೇ ದಾರಿ. ಅದಕ್ಕೇ ಈ ಟೂರ್ನಮೆಂಟ್‌ನಲ್ಲಿ ಕೈ ಕಟ್ಟಾಕ್ಕೊಂಡು ಆಡಿದ್ದು. ರಿಂಗ್ ಎದುರಿಗಿದ್ರೂ ಹಾಕ್ಬಾರ್ದು ಅಂತ ಇರೋದು ಎಷ್ಟು ಕಷ್ಟ ಗೊತ್ತಾ ನಿಮಗೆ? ಮನೇಗೆ ಹೋಗಿ ಅಳ್ತಿದ್ಲಂತೆ. ಬೆಳಿಗ್ಗೆ ಎದ್ದು ಬಂದು ಮತ್ತೆ ಪಾಸೇ ಪ್ರ್ಯಾಕ್ಟೀಸು."

ಛಲ ಅಂದರೆ ಅದು. ಕಣ್ಣೆದುರಿಗೆ ಇತ್ತು, ನನಗೆ ಕಾಣಲಿಲ್ಲ. ಅಲ್ಲ, ಮುನಿಸ್ವಾಮಿ ತೋರಿಸಿದರೂ ನೋಡಲಿಲ್ಲ.

"ಅವರಿಗೊಂದು ಫೋನ್ ಮಾಡು ಮಂಜೇಶ್. ತಪ್ಪು ಅವಳದ್ದಲ್ಲ, ನಂದು. ನಾನು ಅವಳ ತಾಯಿ ವಿಷ್ಯ ಆಡಬಾರದ ಮಾತು ಆಡ್ದೆ, ಅದು ಅವಳಿಗೆ ಗೊತ್ತಾಗೋಯ್ತು. ನಾನೇ ಹೇಳ್ತೀನಿ ಅವರಿಗೆ."

"ಎಲ್ಲಿ ಆಡಿದ್ರಿ? ನೀವು ಕೂಗಿದ್ದು ನಂಗ್ಯಾಕೆ ಕೇಳಿಸ್ಲಿಲ್ಲ?"

"ಕೂಗಲಿಲ್ಲಪ್ಪಾ. ತುಟೀಲಿ ಅಂದೆ."

ಅವನು ಪೊರಕೆ ಹಿಡಿದುಕೊಂಡೇ ನನ್ನನ್ನು ನೋಡಿದ. ಅವನು ಅನುಗೊಂಡನಹಳ್ಳಿಯ ಕಡೆಯ ಒಕ್ಕಲು ಮನೆಯವನು, ಮಗ್ಗದ ಮನೆಯ ಮಾತು ಅವನಿಗೇನು ಗೊತ್ತು? "ಏನಂತ ಹೇಳ್ಲಿ? ಒಬ್ರು ಆಂಟಿ ದನಿಯಿಲ್ದೆ ಬಾಯಿ ಆಡಿಸಿದ್ರು ಸಾರ್, ಅದಕ್ಕೆ ನಮ್ ಹುಡುಗಿ ಪಾಸ್ ಮಾಡ್ಲಿಲ್ಲ ಅಂತಾನಾ? ಅವ್ರು ಹೋಗ್ವಾಗ ಒಂದೇ ಮಾತು ಹೇಳಿದ್ರು. ಗ್ಯಾಲರಿ ಮಾತು ಕೇಳೋ ಹುಡುಗಿ ನಮ್ಗೆ ಬೇಡ ಅಂತ. ಜನ ಕೂಗಿದ್ದಕ್ಕೆ ಆಡಿದ್ಲು ಅನ್ಕೊಂಡಿದಾರೆ ಅವ್ರು."

ನಂಬರ್ ಕೊಡು ಎಂದು ಕಾಡಿದೆ. ಕೊಟ್ಟ. ಅಲ್ಲೇ ನಿಂತು ಫೋನ್ ಮಾಡಿದೆ. ಅವರು ಮರ್ಯಾದೆಯಿಂದಲೇ ಮಾತನಾಡಿದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಅಮ್ಮಾ, ನಾಳೆ ಇನ್ನೊಂದು ಊರಲ್ಲಿ ಇನ್ಯಾರೋ ಇನ್ನೇನೋ ಅಂತಾರೆ. ಅವತ್ತೂ ಹೀಗೇ ಆದರೆ?" ಎಂದರು. ಇನ್ಯಾರೋ ಅಂದರೆ ಅವಳು ತಡೆದುಕೊಳ್ಳುತ್ತಿದ್ದಳು ಸ್ವಾಮಿ, ಅಂದವಳು ನಾನು ಎಂದು ಹೇಳಬೇಕಿತ್ತು. ಅದು ಹೊಳೆದದ್ದು ಫೋನ್ ಇಟ್ಟ ಮೇಲೆ.

ಪದ್ದಿಯ ಮನೆಗೆ ಹೋಗಲು ಕಾಲು ಬರಲಿಲ್ಲ. ಅವಳಜ್ಜಿ ನಮ್ಮ ಮಗ್ಗಗಳಿಗೆ ಕಂಡಿಕೆ ಸುತ್ತಿ ಕೊಡುತ್ತಾಳೆ. ಲಾಳಿಯೊಳಗೆ ಇಡುವ ನೂಲಿನ ಕಂಡಿಕೆಗಳನ್ನು ಬುಟ್ಟಿಯಲ್ಲಿ ತಂದು ಕೊಟ್ಟು, ಖಾಲಿಯಾದವನ್ನು ಒಯ್ಯುವುದು ಪದ್ದಿಯ ಕೆಲಸ. ಸೋಮವಾರ ಬರಲಿಲ್ಲ. ಮಂಗಳವಾರ ಬಂದಳು.

ಮಗ್ಗಗಳೆಲ್ಲ ಓಡುತ್ತಿದ್ದವು. ಅವಳು ಬುಟ್ಟಿ ಇಳಿಸಿ ಖಾಲಿ ಕಂಡಿಕೆ ಆಯತೊಡಗಿದಳು. ನಾನು ಅವಳ ಎದುರಿಗೆ ಹೋಗಿ ನಿಂತೆ. "ಪದ್ದೀ, ತಪ್ಪಾಯ್ತು ಕಣಮ್ಮಾ" ಎಂದೆ ತುಟಿಯಲ್ಲಿ.

ಅವಳು ಮುಖ ತಿರುಗಿಸಿದಳು.

ನಾನು ಸುತ್ತಿ ಆ ಕಡೆಗೆ ಹೋದೆ. "ನನ್ನ ನಾಲ್ಗೆಗೆ ಬೆಂಕಿ ಹಾಕ. ಒಂದ್ಸಲ ನೋಡು ನನ್ನ."

ಅವಳು ಈ ಕಡೆಗೆ ತಿರುಗಿದಳು. ಓಡುವ ಲಾಳಿಯನ್ನೇ ನೋಡುತ್ತಾ ನಿಂತಳು. ಕೂಗಿ ಹೇಳೋಣವೆಂದರೆ ಮಗ್ಗದ ಸದ್ದು. ಕೈ ಹಿಡಿಯೋಣವೆಂದರೆ ಯಾವ ಮುಖ ಇಟ್ಟುಕೊಂಡು ಹಿಡಿಯಲಿ? ಬಾಗಿಲ ಪಕ್ಕ ಮೇನ್ ಸ್ವಿಚ್ಚಿತ್ತು. ಹೋಗಿ ಎಳೆದುಬಿಟ್ಟೆ.

ಎಲ್ಲ ಮಗ್ಗ ಒಟ್ಟಿಗೆ ನಿಂತವು. ನಮ್ಮ ಶೆಡ್ಡಿನಲ್ಲಿ ಕರೆಂಟ್ ಇರುವಾಗ ಯಾರೂ ಹಾಗೆ ಮಾಡುವುದಿಲ್ಲ. ಸಂತೋಷ ಏನಾಯಿತೋ ಎಂದು ಹೆದರಿ ಎದ್ದು ನಿಂತ. ಪಕ್ಕದ ಶೆಡ್ಡಿನಿಂದ ಮುನಿಸ್ವಾಮಿ ಓಡಿಬಂದು, ಪದ್ದಿಯ ಬೆನ್ನ ಹಿಂದೆ ನಿಂತ. ಬೀದಿಯಲ್ಲಿ ಹೋಗುತ್ತಿದ್ದವರೂ ಇಣುಕಿದರು. ಒಳ್ಳೆಯದೇ ಆಯಿತು, ಎಲ್ಲರೂ ಕೇಳಲಿ, ನನ್ನ ಮರ್ಯಾದೆ ಹೋಗಲಿ ಎಂದುಕೊಂಡೆ.

"ಪದ್ದೀ, ಇವರೆಲ್ಲರ ಮುಂದೆ ಹೇಳ್ತೀನಿ ಕಣಮ್ಮಾ. ನೀನು ಸೆಲೆಕ್ಟ್ ಆಗ್ದೆ ಇರೋಕೆ ನಾನೇ ಕಾರಣ. ಅವತ್ತು ನಾನು ನಿಮ್ಮಮ್ಮನ್ನ..."

ಅವಳು ಕೈ ಎತ್ತಿದಳು. ಬೇಡ ಎಂಬ ಹಾಗೆ. ಅಷ್ಟರಲ್ಲಿ ನನಗೂ ತಿಳಿಯಿತು. ನಮ್ಮ ಬೀದಿಯಲ್ಲಿ ಆ ಮಾತು ಗೊತ್ತಿದ್ದದ್ದು ನಮ್ಮ ಮೂವರಿಗೇ. ಈಗ ನಾನು ಬಾಯಿಬಿಟ್ಟು ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಮತ್ತೆ ಮುನಿರತ್ನಮ್ಮನ ಸುದ್ದಿ. ಕ್ಷಮೆ ಕೇಳಲು ಹೋಗಿ ಅದೇ ಗಾಯಕ್ಕೆ ಉಪ್ಪು ಹಾಕಲು ಹೊರಟಿದ್ದೆ. ಬಾಯಿ ಮುಚ್ಚಿಕೊಂಡೆ.

ಪದ್ದಿ ಆಗ ಮೊದಲ ಸಲ ನನ್ನ ಮುಖ ನೋಡಿದಳು. ಇಡೀ ಶೆಡ್ಡಿನಲ್ಲಿ ಸೂಜಿ ಬಿದ್ದರೂ ಕೇಳುವಂತಿತ್ತು, ಆದರೂ ಅವಳು ದನಿ ತೆಗೆಯಲಿಲ್ಲ. ಚಿಕ್ಕಂದಿನಲ್ಲಿ ಕೇಳುತ್ತಿದ್ದ ಹಾಗೆ, ನನಗೊಬ್ಬಳಿಗೇ ಕಾಣುವಂತೆ, ತುಟಿಯಲ್ಲಿ ನಿಧಾನವಾಗಿ ಹೇಳಿದಳು:

"ಕೆಲ್ಸ ಹೋದ್ರೆ ಹೋಗ್ಲಿ ಅತ್ತೆ. ಊರಲ್ಲಿ ಅಮ್ಮನ್ನ ಬೈಯ್ದೇ ಇದ್ದೋರು ನೀವೊಬ್ರೇ ಇದ್ರಿ."

ಖಾಲಿ ಕಂಡಿಕೆಯ ಬುಟ್ಟಿ ಸೊಂಟಕ್ಕೆ ಏರಿಸಿಕೊಂಡು ಹೊರಟುಹೋದಳು. ಅವಳ ಹಿಂದೆ ನಿಂತಿದ್ದ ಮುನಿಸ್ವಾಮಿಗೆ ಅವಳ ತುಟಿ ಕಂಡಿರಲಿಲ್ಲ.

"ಏನಂದ್ಳು ಅತ್ಗೆ?" ಎಂದ.

ಸಂತೋಷನೂ ನೋಡುತ್ತಿದ್ದ, ಬಾಗಿಲಲ್ಲಿ ನಿಂತವರೂ ನೋಡುತ್ತಿದ್ದರು. ನಾನು ಹೋಗಿ ಸ್ವಿಚ್ಚು ಹಾಕಿದೆ. ಮಗ್ಗಗಳು ಮತ್ತೆ ಹೊಡೆದುಕೊಳ್ಳತೊಡಗಿದವು. ಮುನಿಸ್ವಾಮಿ ನನ್ನ ಎದುರಿಗೆ ಬಂದು, ಅದನ್ನೇ ಮತ್ತೆ ತುಟಿಯಲ್ಲಿ ಕೇಳಿದ. ನಾನು ಮುಖ ತಿರುಗಿಸಿಕೊಂಡೆ.